ಸಂಜೆಗೆ ಕಾಣುವ ದುರ್ಬೀನು

ಒಂದು ಕಾಡಿನಲ್ಲಿ ಕಪ್ಪಿ ಎಂಬ ಮುಸುವ, ಅಂದರೆ ಕರಿಮುಖದ ಕೋತಿ, ಮರದ ಮೇಲೆ ಮಗಳ ತಲೆಯಲ್ಲಿ ಹೇನು ಹೆಕ್ಕುತ್ತಾ ಕೂತಿದ್ದಳು. ಕೆಳಗಿಂದ ಜಿಂಕೆ ಕೂಗಿತು, "ಚಿರತೆ! ಚಿರತೆ!"

"ಮತ್ತೆ ಶುರುವಾಯ್ತಾ! ಒಂದು ಹೇನು ಹೆಕ್ಕೋಕೂ ಬಿಡಲ್ವಲ್ಲ!" ಎಂದು ರೇಗುತ್ತಾ ಕಪ್ಪಿ ಬಿದಿರ ಕೋವಿ ಎತ್ತಿಕೊಂಡಳು. ಮರದಿಂದ ಗಜ್ಜುಗದ ಬೀಜ ಹಾರಿಸಿ ಚಿರತೆಯನ್ನು ಓಡಿಸುವುದು ಅವಳ ಕೆಲಸ. ಸಂಜೆಯ ಮಬ್ಬಿನಲ್ಲಿ ಗುರಿ ತಪ್ಪಿತು. ಮಗಳ ಬಾಲದ ತುದಿ ಮರಕ್ಕೆ ನೆಗೆದ ಚಿರತೆಯ ಪಂಜಕ್ಕೆ ಸಿಕ್ಕಿ ಹರಿಯಿತು. ಜೀವ ಹೇಗೋ ಉಳಿಯಿತು.

ಮರುದಿನ ಮಧ್ಯಾಹ್ನ ಕಪ್ಪಿ ನರಿಯ ಅಂಗಡಿಗೆ ಹೋದಳು. ಅಲ್ಲಿ ಗುರಿ ಹಿಡಿಯಲು ಕೋವಿಗೆ ಕೂರಿಸುವ ದುರ್ಬೀನು ಎರಡಿದ್ದವು. ಉದ್ದದ್ದು ಫಳಫಳ ಹೊಳೆಯುತ್ತಿತ್ತು. ಅದರ ಬೆಲೆ ಐದು ಜೇನುಹುಟ್ಟು. ಗಿಡ್ಡದ್ದು ಕರ್ರಗಿತ್ತು. ಅದಕ್ಕೆ ಒಂದೇ.

"ಉದ್ದದ್ದು ತಗೋ ಕಪ್ಪಕ್ಕಾ, ಆಚೆ ಬೆಟ್ಟದ ಇರುವೆಯ ಮೀಸೆ ಕಾಣುತ್ತೆ!" ಎಂದ ನರಿ.

"ಇರುವೆ ಮೀಸೆ ಕಟ್ಕೊಂಡು ನನಗೇನಾಗಬೇಕು? ಚಿರತೆ ಬರೋದು ಸಂಜೆ. ಸಂಜೆ ಹೊತ್ತಲ್ಲೇ ನೋಡಿ ಆಮೇಲೆ ಕೊಳ್ತೀನಿ."

"ಸಂಜೆ ಅಂಗಡಿ ಮುಚ್ಚುತ್ತೆ, ಅಕ್ಕಾ."

"ಓಹೋ, ನಿನ್ನ ಸರಕಿಗೆ ಕತ್ತಲಂದ್ರೆ ಭಯವೋ?"

ಅಂಗಡಿಯಲ್ಲಿ ನೆರೆದಿದ್ದ ಪ್ರಾಣಿಗಳೆಲ್ಲ ಗೊಳ್ಳೆಂದು ನಕ್ಕರು. ನರಿ ಮರ್ಯಾದೆಗೆ ಅಂಜಿ ಸಂಜೆ ಎರಡೂ ದುರ್ಬೀನು ಹೊತ್ತು ಕಪ್ಪಿಯ ಮರದಡಿ ಬಂದ. ನೋಡಲು ಉಳಿದವರೂ ಸೇರಿದರು.

ಕಪ್ಪಿ ಮೊದಲು ಉದ್ದದ್ದನ್ನು ಕೂರಿಸಿದಳು. ಒಳಗೆ ಮಸಿ ಬಳಿದ ಹಾಗೆ ಕತ್ತಲು. ಮೂರು ಬೀಜ ಹಾರಿಸಿದಳು. ಕೋವಿ ಅದುರಿದಾಗೆಲ್ಲ ದುರ್ಬೀನು ಪಕ್ಕಕ್ಕೆ ಸರಿದು ಗುರಿ ತಪ್ಪಿತು. ಅಷ್ಟರಲ್ಲಿ ಪೊದೆ ಅಲ್ಲಾಡಿತು. ಚಿರತೆ ನರಿಯ ಬೆನ್ನ ಹಿಂದೆಯೇ ನಿಂತಿತ್ತು!

"ಅಕ್ಕಾ, ಅದನ್ನ ಬಿಸಾಕು! ಗಿಡ್ಡದ್ದು ಹಾಕು! ಅದೇ ಸರಿಯಾದ್ದು!" ಎಂದು ನರಿ ಎಲ್ಲರ ಮುಂದೆ ಕಿರುಚಿದ.

ಕಪ್ಪಿ ಗಿಡ್ಡದ್ದನ್ನು ಕೂರಿಸಿದಳು. ಚಿರತೆಯ ಮೂಗು ಸ್ಪಷ್ಟವಾಗಿ ಕಂಡಿತು. ಠಪ್! ಬೀಜ ಮೂಗಿಗೇ ಬಡಿಯಿತು. ಇನ್ನೊಂದು, ಮತ್ತೊಂದು, ಒಂದೂ ತಪ್ಪಲಿಲ್ಲ. ಚಿರತೆ ಬಾಲ ಮಡಚಿ ಹೊಳೆ ದಾಟಿ ಓಡಿತು. ಕಾಡೆಲ್ಲ ಕೇಕೆ ಹಾಕಿತು.

"ನಿನ್ನ ಬಾಯಲ್ಲೇ ನಿಜ ಬಂತಲ್ಲೋ!" ಎಂದು ಮೊದಲೇ ಅಂಥದ್ದೇ ಉದ್ದದ್ದು ಕೊಂಡು ಮೋಸಹೋಗಿದ್ದ ಹಂದಿ, ಮುಳ್ಳುಹಂದಿ ಎಲ್ಲರೂ ನರಿಯನ್ನು ಅಟ್ಟಿಸಿಕೊಂಡು ಹೋದರು. ನರಿ ಗಂಟು ಕಟ್ಟಿಕೊಂಡು ಕಾಡು ಬಿಟ್ಟ.

ಕಪ್ಪಿಯ ಹೆಗಲೇರಿದ ಮಗಳು ಕೇಳಿದಳು, "ಅವ್ವಾ, ಆ ಉದ್ದದ್ದನ್ನ ಅವನೀಗ ಯಾವ ಕಾಡಿನ ಅವ್ವನಿಗೆ ಮಾರ್ತಾನೆ?"



ನೀತಿ: ಹೊಳಪಿಗೂ ಮಾತಿಗೂ ಮರುಳಾಗಬೇಡಿ, ವಸ್ತು ಯಾವ ಹೊತ್ತಿಗೆ ಬೇಕೋ ಆ ಹೊತ್ತಿನಲ್ಲೇ ಪರೀಕ್ಷಿಸಿ ಕೊಳ್ಳಿ.