ಮಂತ್ರಿಯ ಮನೆಯ ತೊಟ್ಟಿ

ಒಂದು ಕಡೆ ಹಡಗಿನ ತುಂಬ ಕುಡಿಯುವ ನೀರು, ಇನ್ನೊಂದು ಕಡೆ ಒಂದು ಸುಳ್ಳು ಮುನ್ಸೂಚನೆ. ಚೌಕಾಸಿ ನಡೆದದ್ದು ಇಷ್ಟಕ್ಕೇ.

ಆ ದ್ವೀಪರಾಷ್ಟ್ರದಲ್ಲಿ ಹೊಳೆಯಿಲ್ಲ, ಬಾವಿ ತೋಡಿದರೆ ಉಪ್ಪುನೀರು. ಚಾವಣಿಯಿಂದ ತೊಟ್ಟಿಗೆ ಇಳಿದ ಮಳೆನೀರನ್ನೇ ಕುಡಿಯಬೇಕು. ಆ ವರ್ಷ ಜನರ ತೊಟ್ಟಿಗಳು ತಳ ಕಂಡಿದ್ದವು. ಮಳೆ ತಡವಾಗುತ್ತದೆ, ಹೊರದೇಶದಿಂದ ನೀರಿನ ಹಡಗು ತರಿಸಿ ಎಂದು ಹವಾಮಾನ ಕಚೇರಿಯ ಗುಮಾಸ್ತ ಬರೆದ. ಮಂತ್ರಿಗೆ ಆ ದುಡ್ಡಿನಲ್ಲಿ ತನ್ನ ಹೆಸರಿನ ಗಡಿಯಾರದ ಗೋಪುರ ಕಟ್ಟಿಸಬೇಕಿತ್ತು.

“ಏನಯ್ಯಾ, ಮಳೆ ನಿಮ್ಮಪ್ಪನ ಆಸ್ತಿಯೇ? ಮುಂದಿನ ವಾರವೇ ಒಳ್ಳೆ ಮಳೆ ಅಂತ ಬರಿ. ಇಲ್ಲದಿದ್ದರೆ ನಾಳೆಯಿಂದ ಮೀನು ಮಾರು.”

ಮಧ್ಯಾಹ್ನ ಗುಮಾಸ್ತ ಮುನ್ಸೂಚನೆಯ ಕಾಗದ ಹಿಡಿದು ಮರಳಿ ಬಂದ. “ಬರೆದೆ ಸಾಹೇಬರೇ. ಸಂಜೆ ರೇಡಿಯೋದಲ್ಲಿ ಬರುತ್ತೆ. ತಮ್ಮ ಮನೆಗೂ ಆಳು ಕಳಿಸಿದೀನಿ.”

“ಆಳು ಯಾಕೆ?”

“ಒಳ್ಳೆ ಮಳೆ ಅಂದ ಕೂಡಲೇ ತೊಟ್ಟಿಯ ಹಳೇ ನೀರು ಚೆಲ್ಲಿ ಪಾಚಿ ಉಜ್ಜೋದು ನಮ್ಮ ಜನರ ಪದ್ಧತಿಯಲ್ಲವೇ? ತಮ್ಮ ತೊಟ್ಟಿ ಮೊದಲು ಖಾಲಿಯಾದರೆ ಎಲ್ಲರಿಗೂ ನಂಬಿಕೆ ಬರುತ್ತೆ. ಇಷ್ಟು ಹೊತ್ತಿಗೆ ಬಿರಡೆ ಕಿತ್ತಿರಬೇಕು.”

ಮಂತ್ರಿ ಕುರ್ಚಿಯಿಂದ ಎದ್ದ. “ಮನೇಲಿ ಮೊಮ್ಮಗು ಇದೆ ಕಣಯ್ಯಾ! ಅದಕ್ಕೆ ಕುಡಿಸೋದೇನು?”

“ಮುಂದಿನ ವಾರ ಮಳೆ ಬರುತ್ತಲ್ಲ, ಸಾಹೇಬರೇ.”

ಮಂತ್ರಿ ಫೋನಿಗೆ ಹಾರಿದ. ಮೊದಲು ಮನೆಗೆ ಮಾತಾಡಿದ, ಆಮೇಲೆ ಹಡಗಿನ ಕಂಪನಿಗೆ. ಮುನ್ಸೂಚನೆಯ ಕಾಗದವನ್ನು ತಾನೇ ಹರಿದ.

ಮಳೆ ಎರಡು ತಿಂಗಳು ತಡವಾಯಿತು. ಹಡಗು ಬಂದರೂ, ಅದು ಮುಟ್ಟುವ ಮೊದಲೇ ಕೆಟ್ಟ ನೀರು ಕುಡಿದು ಮೂವರು ಸತ್ತರು. ಹಡಗು ತರಿಸದ ಹಿಂದಿನ ಬರದಲ್ಲಿ ಸತ್ತವರು ನಲವತ್ತು. ಗುಮಾಸ್ತನನ್ನು ಯಾವುದೋ ಮೂಲೆಯ ದ್ವೀಪಕ್ಕೆ ಎತ್ತಂಗಡಿ ಮಾಡಿದರು. ಆ ಖರ್ಚು ಕಳೆದರೂ ಮೂವತ್ತೇಳು ಜೀವ ಲಾಭ.