ಕತ್ತರಿಸಿದ ಅಂಚು

ಶಿಷ್ಯ ಕೇಳಿದ: “ಗುರುಗಳೇ, ಇದರಲ್ಲಿ ಇನ್ನೇನು ಕೊರತೆ ಇದೆ?”

ಗುರುಗಳು ಆಗತಾನೆ ಸ್ನಾನ ಮುಗಿಸಿ ಬಂದು ಜಗಲಿಯ ಮೇಲೆ ತಲೆ ಒರೆಸಿಕೊಳ್ಳುತ್ತಿದ್ದರು. ದಿನವೂ ಅವರಿಗೆ ನೀರು ಕಾಯಿಸುವವನು ಶಿಷ್ಯನೇ. ಇವತ್ತು ಎಂದಿಗಿಂತ ಬೇಗ ಕಾಯಿಸಿಕೊಟ್ಟಿದ್ದ. ಈಗ ಅವರ ಮುಂದೆ ಒಂದು ಹೊಸ ಪುಸ್ತಕ ತಂದಿಟ್ಟ. ಏಳು ವರ್ಷ ಕೇಳಿದ ಪಾಠವೆಲ್ಲ ಅದರಲ್ಲಿತ್ತು. ದುಂಡನೆಯ ಅಕ್ಷರ, ಎಲ್ಲಿಯೂ ಚಿತ್ತು ಕಾಟು ಇಲ್ಲ.

“ಹಳೆಯ ಹಾಳೆಗಳಲ್ಲಿ ನಾನು ತಪ್ಪಿದ್ದು, ನೀವು ಬೈದದ್ದು, ಮತ್ತೆ ತಿದ್ದಿದ್ದು ಎಲ್ಲ ಕಲಸುಮೇಲೋಗರವಾಗಿತ್ತು,” ಎಂದ. “ಅದನ್ನೆಲ್ಲ ತೆಗೆದುಹಾಕಿ ಸಾರವನ್ನಷ್ಟೇ ಉಳಿಸಿದ್ದೇನೆ.”

ಗುರುಗಳು ಒಂದು ಪುಟ ತಿರುವಿದರು. ಇನ್ನೊಂದು ತಿರುವಿದರು. ಅವರ ಮುಖ ಗಂಟಾಯಿತು. ಒಂದು ಕತೆ ಹೇಳೋಣವೆಂದು ಬಾಯಿ ತೆರೆದರೆ ಶಿಷ್ಯ ಆಗಲೇ ಲೇಖನಿ ಹಿಡಿದು ಕೂತಿದ್ದ. “ಮಹರಾಯ, ಮೊದಲು ಅದನ್ನು ಕೆಳಗಿಡು,” ಎಂದು ಗದರಿದರು. ಆಮೇಲೆ ಹೇಳಿದರು.

ಹೊಳೆಯ ದಡದ ಒಂದು ಊರಿನಲ್ಲಿ ಒಬ್ಬ ಕಂಚುಗಾರನಿದ್ದ. ದೋಣಿ ನಿಲ್ಲುವ ಕಡವಿನ ಗಂಟೆ ಒಡೆದುಹೋಗಿತ್ತು. ಮಂಜು ಕವಿದ ಬೆಳಿಗ್ಗೆಗಳಲ್ಲಿ ಬಂಡೆ ಎಲ್ಲಿ, ದಡ ಎಲ್ಲಿ ಎಂದು ದೋಣಿಯವರಿಗೆ ತಿಳಿಸುತ್ತಿದ್ದದ್ದು ಆ ಗಂಟೆಯ ದನಿಯೊಂದೇ. ಅದನ್ನು ಎರಕ ಹೊಯ್ದವನು ಕಂಚುಗಾರನ ತಂದೆ. ತಂದೆ ಈಗ ಇರಲಿಲ್ಲ. ಮಾಗಿಯ ಮಂಜು ಇಳಿಯುವ ಮೊದಲು ಹೊಸ ಗಂಟೆ ಆಗಲೇಬೇಕೆಂದು ಊರಿನವರು ಮಗನಿಗೆ ಹೇಳಿದರು.

ಮಗ ಹೊಯ್ದ. ಕೆಟ್ಟಿತು. ಒಡೆದು ಕರಗಿಸಿ ಮತ್ತೆ ಹೊಯ್ದ. ಮತ್ತೆ ಕೆಟ್ಟಿತು. ನೋಡಲು ಲಕ್ಷಣವಾದ ಗಂಟೆಯೇ. ಬಾರಿಸಿದರೆ ಮಾತ್ರ ಹಲಗೆ ಬಡಿದ ಸದ್ದು. ಅಚ್ಚಿನ ಮಣ್ಣಿನಲ್ಲಿ ಉಳಿದ ತೇವ ಹಬೆಯಾಗಿ ಕಂಚಿನೊಳಗೆ ಗುಳ್ಳೆ ಬಿಟ್ಟಿತ್ತು. ಇಷ್ಟು ಅವನಿಗೆ ಗೊತ್ತಿತ್ತು. ಮಣ್ಣಿಗೆ ಎಷ್ಟು ಹೊಟ್ಟು ಬೆರೆಸಬೇಕು, ಎಷ್ಟು ದಿನ ಆರಿಸಬೇಕು ಎಂಬುದು ಗೊತ್ತಿರಲಿಲ್ಲ.

ಅಪ್ಪನ ಬಳಿ ಎರಕದ ಕೆಲಸ ಕುರಿತ ಒಂದು ಹಳೆಯ ಪುಸ್ತಕವಿತ್ತು. ಅದರಲ್ಲಿ ಅಳತೆ ಇತ್ತು. ಆದರೆ ಅದು ಯಾವುದೋ ದೂರದ ಸೀಮೆಯ ಮಣ್ಣಿನ ಅಳತೆ. “ನಮ್ಮ ಹೊಳೆ ಮಣ್ಣು ಈ ಪುಸ್ತಕ ಓದಿಲ್ಲ ಕಣೋ,” ಎಂದು ಗೊಣಗುತ್ತ ಅಪ್ಪ ಎರಕ ಕೆಟ್ಟಾಗಲೆಲ್ಲ ಪುಟದ ಅಂಚಿನಲ್ಲಿ ಏನೋ ಗೀಚುತ್ತಿದ್ದ. ನಲವತ್ತು ವರ್ಷ ಗೀಚಿದ್ದ. ಮಗ ಒಂದು ದಿನವೂ ಅದನ್ನು ಓದುವ ಗೋಜಿಗೆ ಹೋಗಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ, ಮನೆಯಲ್ಲಿದ್ದರೆ ಇಲಿ ಕಡಿದೀತು ಎಂದು ತಾಯಿ ಪುಸ್ತಕವನ್ನು ಪಟ್ಟಣದ ಒಬ್ಬ ಸಾಹುಕಾರನಿಗೆ ಜೋಪಾನ ಮಾಡಲು ಕೊಟ್ಟಿದ್ದಳು.

ಆ ಸಾಹುಕಾರನಿಗೆ ಎರಕದ ಪುಸ್ತಕಗಳ ಹುಚ್ಚು. ಲೋಹ ಕರಗಿಸುವುದು, ಅಚ್ಚು ಕಟ್ಟುವುದು, ಕುಲುಮೆ ಹೂಡುವುದು, ಇವುಗಳ ಬಗ್ಗೆ ಯಾರು ಯಾವ ಕಾಲದಲ್ಲಿ ಬರೆದಿದ್ದರೂ ಅದು ಅವನ ಬೀರುವಿನಲ್ಲಿರಬೇಕು. ಹಳೆಯದಾದಷ್ಟೂ ಒಳ್ಳೆಯದು. ಒಂದೊಂದು ಪುಸ್ತಕಕ್ಕೆ ಊರೂರು ಅಲೆದಿದ್ದ. ಜೀವಮಾನದಲ್ಲಿ ಒಂದು ಚಮಚ ಎರಕ ಹೊಯ್ದವನಲ್ಲ.

“ಇಂಥವರನ್ನು ನಾನು ಬಹಳ ನೋಡಿದ್ದೇನೆ,” ಎಂದು ಗುರುಗಳು ಶಿಷ್ಯನ ಕಡೆ ಒಮ್ಮೆ ನೋಡಿ ಮುಂದುವರಿಸಿದರು.

ಕಂಚುಗಾರ ಎರಡು ದಿನ ನಡೆದು ಸಾಹುಕಾರನ ಮನೆ ಮುಟ್ಟಿದ. ಸಾಹುಕಾರ ಸಂತೋಷದಿಂದಲೇ ಬರಮಾಡಿಕೊಂಡ. ಮೊದಲು ಕೈ ತೊಳೆದುಕೊಳ್ಳಲು ಹೇಳಿದ. ತೊಳೆದ. ಉಗುರಿನ ಸಂದಿ ನೋಡಿ ಇನ್ನೊಮ್ಮೆ ತೊಳೆಯಲು ಹೇಳಿದ. ಇಪ್ಪತ್ತು ವರ್ಷದ ಕುಲುಮೆಯ ಮಸಿ, ಸೀಗೆಪುಡಿಗೆ ಹೋಗುವಂಥದ್ದಲ್ಲ. ಮೂರನೆಯ ಸಲ ತೊಳೆದ ಮೇಲೂ ಸಾಹುಕಾರ, “ನೀನು ಮುಟ್ಟಬೇಡ, ನಾನೇ ತೋರಿಸ್ತೀನಿ,” ಎಂದ.

ತೋರಿಸಿದ. ಒಂದಲ್ಲ, ನಲವತ್ತೆಂಟು. ಪ್ರತಿಯೊಂದಕ್ಕೂ ರೇಷ್ಮೆ ಬಟ್ಟೆಯ ಸುತ್ತು, ಒಳಗೆ ಬೇವಿನೆಲೆ. ಇದು ಮೊದಲ ಮುದ್ರಣ, ಇದು ಎರಡನೆಯದು; ಎರಡನೆಯದರಲ್ಲಿ ಕುಲುಮೆಯ ಚಿತ್ರ ತಲೆಕೆಳಗಾಗಿ ಅಚ್ಚಾಗಿದೆ, ಹಾಗಾಗಿ ಇದೇ ಬಲು ಅಪರೂಪ. ಕಂಚುಗಾರನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಊರಿನಲ್ಲಿ ಮಂಜು ಇಳಿಯಲು ಹದಿನೈದು ದಿನವೂ ಉಳಿದಿಲ್ಲ. ಇಲ್ಲಿ ಈ ಮನುಷ್ಯ ತಲೆಕೆಳಗಾದ ಕುಲುಮೆ ನೋಡಿ ಹಿಗ್ಗುತ್ತಿದ್ದಾನೆ. ನೆಟ್ಟಗೆ ನಿಂತ ಕುಲುಮೆಯನ್ನು ಒಮ್ಮೆಯಾದರೂ ನೋಡಿದ್ದೀರಾ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಬೀರುವಿನ ಕಡೆಯೇ ನೋಡುತ್ತ ಕೂತ.

ಕೊನೆಗೆ ಅಪ್ಪನ ಪುಸ್ತಕ ಬಂತು. ಅವನಿಗೆ ಗುರುತೇ ಸಿಗಲಿಲ್ಲ. ಕೆಂಪು ಚರ್ಮದ ರಟ್ಟು, ಹಾಳೆಗಳ ತುದಿಗೆ ಚಿನ್ನದ ಬಣ್ಣ. ಸಾಹುಕಾರ ಪುಟ ತೆರೆದ. ಅಕ್ಷರದ ಸಾಲು ಮುಗಿಯುವಲ್ಲಿಗೇ ಕಾಗದವೂ ಮುಗಿದಿತ್ತು.

“ಅಪ್ಪ ಬರೆದಿದ್ದು ಎಲ್ಲಿ ಸ್ವಾಮಿ?”

“ಆ ಗೀಚಿದ್ದಾ? ಅಯ್ಯೋ, ಮಸಿ ಕೈಯಲ್ಲಿ ಮೂರು ಕಡೆಯೂ ಗಲೀಜು ಮಾಡಿಟ್ಟಿದ್ದ. ಎಲ್ಲಾ ನೀಟಾಗಿ ಕತ್ತರಿಸಿ ತೆಗೆಸಿದೆ. ಪುಸ್ತಕದ ಒಂದಕ್ಷರಾನೂ ಹೋಗಿಲ್ಲ, ಬೇಕಾದ್ರೆ ಎಣಿಸಿ ನೋಡು.”

“ಕತ್ತರಿಸಿದ ಚೂರುಗಳು?”

“ರಟ್ಟು ಕಟ್ಟೋನು ಅಂಟು ಕಾಯಿಸೋಕೆ ಒಲೆಗೆ ಹಾಕಿದ. ಬೇರೆ ಯಾತಕ್ಕೆ ಬರುತ್ತೆ ಅದು?”

ಕಂಚುಗಾರನಿಗೆ ಸಾಹುಕಾರನ ಮೇಲೆ ಸಿಟ್ಟು ಬಂತು. ಇದ್ದಾಗ ಓದದೆ ಬಿಟ್ಟ ತನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಬೈಯೋಣವೆಂದರೆ ಸಾಹುಕಾರ ಸುಳ್ಳು ಹೇಳಿರಲಿಲ್ಲ. ಪುಸ್ತಕದ ಒಂದಕ್ಷರವೂ ಹೋಗಿರಲಿಲ್ಲ.

ಊರಿಗೆ ಬಂದವನೇ ಇದ್ದಿಲು ತೆಗೆದುಕೊಂಡು ಕುಲುಮೆಯ ಗೋಡೆಯ ಮೇಲೆ ಬರೆದ: ‘ಹೊಟ್ಟು ಮೂರು ಪಾಲು, ಆರು ದಿನ, ಕೆಟ್ಟಿತು.’ ಮತ್ತೆ ಹೊಯ್ದ. ಮತ್ತೆ ಬರೆದ. ಅಪ್ಪ ಮಾಡಿ ಮುಗಿಸಿದ್ದ ತಪ್ಪುಗಳನ್ನೆಲ್ಲ ಅವನು ಮೊದಲಿನಿಂದ ಮಾಡಬೇಕಾಯಿತು. ಕಡವಿನಲ್ಲಿ ಗಂಟೆ ಮೊಳಗಿದ್ದು ನಾಲ್ಕನೆಯ ಮಾಗಿಗೆ. ಅಲ್ಲಿಯವರೆಗೆ ಮಂಜು ಕವಿದಾಗಲೆಲ್ಲ ಊರಿನವರು ದಡದಲ್ಲಿ ನಿಂತು ತಗಡು ಬಡಿಯುತ್ತಿದ್ದರು. ಎರಡು ದೋಣಿಯವರಿಗೆ ಅದು ಕೇಳಿಸಲಿಲ್ಲ.

ಕತೆ ಮುಗಿಯಿತು. ಶಿಷ್ಯ ಬೇಸರದಿಂದ ತಲೆಯಾಡಿಸಿದ. “ಎಂಥ ಮೂರ್ಖ ಆ ಸಾಹುಕಾರ!” ಎಂದು ತನ್ನ ಹೊಸ ಪುಸ್ತಕದ ಮೇಲೆ ಕೂತ ಧೂಳನ್ನು ಊದಿದ.

ಗುರುಗಳು ಒದ್ದೆ ಪಂಚೆಯನ್ನು ಹಗ್ಗದ ಮೇಲೆ ಹರವುತ್ತ ಕೇಳಿದರು: “ಇವತ್ತು ನನ್ನ ಸ್ನಾನದ ನೀರಿಗೆ ಯಾವ ಕಾಗದದಿಂದ ಉರಿ ಹಚ್ಚಿದೆ?”