ಚೆನ್ನರಸನ ಹಂಡೆ ಮೋಟಾರು

ಕೇಳಿರಪ್ಪಾ, ಕೇಳಿರವ್ವಾ. ಬಿಸಿಲೇ ಬೆಳೆಯುವ ಒಂದು ಸೀಮೆಯಲ್ಲಿ ಚೆನ್ನರಸ ಅಂತ ಒಬ್ಬ ರಾಜ ಇದ್ದ. ರಾಣಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಸಭೆಗೆ ಬರುವ ಜನರ ಮಾತೇ ಅವನ ಸಂಸಾರ. ಆಳು ದುಂಡವ್ವ ಹಗ್ಗ ಜಗ್ಗಿ ಬೀಸಣಿಗೆ ಬೀಸುತ್ತಿದ್ದಳು, ಜನ ಹೇಳುತ್ತಿದ್ದರು, ರಾಜ ಕೇಳುತ್ತಿದ್ದ.

ಹೀಗಿರುವಾಗ ರಾಜ್ಯಕ್ಕೆ ಕರೆಂಟು ಬಂತು. ಫ್ಯಾನು ಹಾಕಿಸೋಣ ಎಂದ ರಾಜ. ಅಂಗಡಿಯವನು ಮೂರು ಮೋಟಾರು ತಂದಿಟ್ಟ. ತೆಂಗಿನಕಾಯಿಯಷ್ಟಿದ್ದದ್ದು ಫ್ಯಾನಿನದು. ಕೊಡದಷ್ಟಿದ್ದದ್ದು ಗಿರಣಿಯದು. ಹಂಡೆಯಷ್ಟಿದ್ದದ್ದು ಬಾವಿಯಿಂದ ನೀರೆತ್ತುವುದು.

"ಸಣ್ಣದು ಸಾಕ್ರೀ ಒಡೆಯರ, ರೆಕ್ಕಿ ತಿರುಗಿದ್ರ ಆತು," ಎಂದಳು ದುಂಡವ್ವ.

ಮಂತ್ರಿ ಬಾಳಪ್ಪ ನಕ್ಕ. ಬಡವರ ಮನೆಮಠ ನುಂಗಿ ನೀರು ಕುಡಿಯುತ್ತಿದ್ದ ಆಸಾಮಿ ಅವನು. ಜನರ ದೂರು ರಾಜನ ಕಿವಿಗೆ ಬೀಳದಿದ್ದರೆ ಅವನಿಗೆ ಹಬ್ಬ. "ತೆಂಗಿನಕಾಯಿ ನಮ್ಮ ಪ್ರಭುಗಳಿಗೆ ತಕ್ಕದ್ದೇ? ದೊಡ್ಡದೇ ಇರಲಿ," ಎಂದ. ರಾಜ ಪೂರಿಯಂತೆ ಉಬ್ಬಿದ.

ಹಂಡೆ ಮೋಟಾರಿಗೆ ಬೆಲ್ಟು ಬಿಗಿದು ಫ್ಯಾನು ತಿರುಗಿಸಿದರು. ಅರಮನೆಯೇ ಗಡಗಡ ಅದುರಿತು. ಗಾಳಿ ಬಂತು, ಮಾತು ಹೋಯಿತು. ಬಾಳಪ್ಪ ತನ್ನ ಕಿವಿಗೆ ಹತ್ತಿ ತುರುಕಿಕೊಂಡು ಸಿಂಹಾಸನದ ಪಕ್ಕ ನಿಂತ. ಜನರ ಮಾತು ರಾಜನ ಕಿವಿಯಲ್ಲಿ ಕೂಗಿ ಹೇಳುವ ಕೆಲಸ ತನ್ನದೆಂದ.

ಕುಂಬಾರ ಬಂದು ಬಾಯಿ ಆಡಿಸಿದ. "ಮಳೆಬೆಳೆ ಚೆನ್ನಾಗಿದೆಯಂತೆ," ಎಂದು ಬಾಳಪ್ಪ ರಾಜನ ಕಿವಿಯಲ್ಲಿ ಕೂಗಿದ. ನೇಕಾರ ಬಂದು ಕೈಮುಗಿದ. "ನಿಮ್ಮಂಥ ದೊರೆ ಇಲ್ಲವಂತೆ." ಮಾದೇವಿ ಎಂಬಾಕೆ ಬಂದು ಕಣ್ಣೊರೆಸಿಕೊಂಡಳು. "ಮಗಳ ಮದುವೆಯಂತೆ, ಖುಷಿಗೆ ಅಳು." ರಾಜ ನಕ್ಕು ಅವಳಿಗೆ ಲಾಡು ಕೊಟ್ಟ. ಅವಳು ಲಾಡು ನೋಡುತ್ತ ನಿಂತೇಬಿಟ್ಟಳು.

ಎಲ್ಲ ಒಳ್ಳೆಯ ಸುದ್ದಿಯೇ. ಆದರೂ ರಾಜನಿಗೆ ಅನ್ನ ಸೇರದು. ತುಂಬಿದ ಸಭೆಯಲ್ಲಿ ತಾನೊಬ್ಬನೇ ಕೂತಂತೆ ಅನಿಸುತ್ತಿತ್ತು. ಒಂದು ಮಧ್ಯಾಹ್ನ ಸಭೆ ಮುಗಿದು ಮೋಟಾರು ನಿಂತಾಗ, ಕಸ ಗುಡಿಸುತ್ತಿದ್ದ ದುಂಡವ್ವನನ್ನು ಕೇಳಿದ, "ನನ್ನ ಜೋಡಿ ಯಾರೂ ಯಾಕ ಮಾತಾಡವಲ್ರು?"

"ಆಡ್ತಾರ್ರೀ. ನಿಮಗ ಮುಟ್ಟವಲ್ದು. ಸಣ್ಣ ಮೋಟಾರು ಹಾಕಸ್ರಿ, ಮಂತ್ರಿಗೆ ಮಾತ್ರ ಹೇಳಬ್ಯಾಡ್ರಿ."

ಅಂಗಡಿಯವನು ಗುಟ್ಟಾಗಿ ಬಂದ. ಹಂಡೆ ಮೋಟಾರನ್ನು ಇದ್ದಲ್ಲೇ ಬಿಟ್ಟು ಅದರ ವೈರು ಕಿತ್ತ. ಸಣ್ಣ ಮೋಟಾರು ಜೋಡಿಸಿ ಸ್ವಿಚ್ಚು ಹಾಕಿದರೆ ಗುಂಯ್ ಎಂದು ನಿಂತಲ್ಲೇ ನಿಂತಿತು. ಗಡಿಬಿಡಿಯಲ್ಲಿ, ಮೋಟಾರು ತಿರುಗಲು ಮೊದಲ ತಳ್ಳು ಕೊಡುವ ಕೆಪಾಸಿಟರ್ ಮರೆತಿದ್ದ. ಅದನ್ನು ಹಾಕಿದ, ಫ್ಯಾನು ಉಲ್ಟಾ ತಿರುಗಿ ಗಾಳಿ ಸೂರಿಗೆ ಹೋಯಿತು. ಎರಡು ವೈರು ಅದಲುಬದಲು ಮಾಡಿದ. ಮೂರನೆಯ ಸಲ ತಂಪು ಗಾಳಿ ಸದ್ದಿಲ್ಲದೆ ಕೆಳಗಿಳಿಯಿತು.

ಮರುದಿನ ಬಾಳಪ್ಪ ಎಂದಿನಂತೆ ಕಿವಿಗೆ ಹತ್ತಿ ತುರುಕಿಕೊಂಡೇ ಬಂದ. ಹಂಡೆ ಮೋಟಾರು ಇದ್ದಲ್ಲೇ ಇತ್ತು, ಫ್ಯಾನು ತಿರುಗುತ್ತಿತ್ತು, ಸದ್ದು ನಿಂತದ್ದು ಅವನಿಗೆ ತಿಳಿಯಲೇ ಇಲ್ಲ. ಮಾದೇವಿ ಮತ್ತೆ ಬಂದಳು.

"ದೊರೀ, ನನ್ನ ಮನಿ ಮಂತ್ರಿ ಕಸ್ಗೊಂಡಾನ. ಅದ ಚಿಂತ್ಯಾಗ ಗಂಡ ಸತ್ತ. ಹೇಳಾಕ ಬಂದ್ರ ನೀವು ಲಾಡು ಕೊಟ್ರಿ."

ಬಾಳಪ್ಪ ಬಗ್ಗಿ, ಗಂಟಲು ಹರಿಯುವಂತೆ ಕೂಗಿದ. "ಮಗಳಿಗೆ ಗಂಡು ಮಗು ಹುಟ್ಟಿದೆಯಂತೆ, ಪ್ರಭು."

ಸಭೆಯಲ್ಲಿ ಯಾರೂ ನಗಲಿಲ್ಲ. ರಾಜ ಕೈಚಾಚಿ ಅವನ ಕಿವಿಯ ಹತ್ತಿ ಕಿತ್ತ. "ಈಗ ನೀನೂ ಕೇಳು," ಎಂದ. ಮಾದೇವಿ ಮೊದಲಿನಿಂದ ಹೇಳಿದಳು. ಮನೆ ಅವಳಿಗೆ ಮರಳಿತು, ಬಾಳಪ್ಪ ಗಡಿಪಾರಾದ. ಹೋದ ಗಂಡನನ್ನು ತಂದುಕೊಡಲು ಮಾತ್ರ ರಾಜನಿಂದ ಆಗಲಿಲ್ಲ. ಅವನು ಸಿಂಹಾಸನದಿಂದಿಳಿದು ಅವಳೆದುರು ನೆಲದ ಮೇಲೆ ಕೂತು ಅತ್ತ.

ಅದಕ್ಕೇ ಮಕ್ಕಳೇ, ಗಾಳಿಗೆ ಎಷ್ಟು ಬೇಕೋ ಅಷ್ಟೇ ಮೋಟಾರು ಹಾಕಿ. ದೊಡ್ಡಸ್ತಿಕೆಗೆ ಮರುಳಾಗಿ ಸದ್ದು ಸಾಕಿಕೊಂಡವನಿಗೆ ಎದುರಿಗಿದ್ದವರ ಅಳುವೂ ಕೇಳಿಸುವುದಿಲ್ಲ.